ಇಬ್ಬರಿಗೊಂದು ಮನೆ ಹುಡುಕಿದ್ದು

ಬಚ್ಚಲುಮನೆಯ ನೆಲಕ್ಕೆ ಒಂದು ತಂಬಿಗೆ ನೀರು ಸುರಿದು, ಚಪ್ಪಲಿ ಕಳಚಿ, ಬರಿಗಾಲಿನಿಂದ ಉಜ್ಜಿ ನೋಡುವುದು ನನ್ನ ಮೊದಲ ಪರೀಕ್ಷೆ. ಕಾಲು ಜಾರಿದರೆ ಆ ಜಾಗದ ಬಗ್ಗೆ ಮುಂದಿನ ಮಾತೇ ಬೇಡ. ಜಾರದಿದ್ದರೆ ಕಮೋಡಿನ ಎತ್ತರ ನೋಡುತ್ತಿದ್ದೆ. ಅದರ ಪಕ್ಕದ ಗೋಡೆಗೆ ಹಿಡಿಕೆ ಇದೆಯೇ, ಇದ್ದರೆ ಮೈಭಾರವನ್ನೆಲ್ಲ ಹಾಕಿ ಜಗ್ಗಿದರೂ ಅಲುಗದೆ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದೆ. ಕೊನೆಗೆ ಬಾಗಿಲು. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ವಯಸ್ಸಾದವರು ಬಿದ್ದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನಿಂದ ಯಾರೂ ತಳ್ಳಿ ತೆಗೆಯಲಾಗುವುದಿಲ್ಲ.

ಕೋಲಾರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್. ಮೂಳೆ ಮುರಿದವರನ್ನು, ಲಕ್ವ ಹೊಡೆದವರನ್ನು, ಮಂಡಿ ಸವೆದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಮನೆ ಹುಡುಕಿಕೊಡುವುದಲ್ಲ. ಆದರೆ ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಇಬ್ಬರು ಹೆಂಗಸರು ನನ್ನಿಂದ ಆ ಕೆಲಸವನ್ನೂ ಮಾಡಿಸಿದರು.

ಒಬ್ಬರು ಅಲ್ಲಿಯ ಹೈಸ್ಕೂಲಿನಲ್ಲಿ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಎರಡೂ ಮಂಡಿ ಸವೆದಿದ್ದವು, ಎಡಗಡೆಯದು ಹೆಚ್ಚು. ಚಿಕಿತ್ಸೆಗೆ ಬರುತ್ತಿದ್ದುದು ಅವರು. ಜೊತೆಗೆ ಬರುತ್ತಿದ್ದವರು ನರ್ಸಮ್ಮ. ಆ ತಾಲ್ಲೂಕಿನ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿ, ಕೂಸುಗಳಿಗೆ ಲಸಿಕೆ ಹಾಕಿ ನಿವೃತ್ತರಾದವರು. ಮೂಲ ಊರು ಮುಳಬಾಗಿಲು, ಮನೆಮಾತು ತೆಲುಗು. ಹೆಡ್‌ಮೇಡಂ ಮದುವೆಯಾಗಿರಲಿಲ್ಲ. ನರ್ಸಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ನೌಕರಿಗೆ ಸೇರಿದ ಹೊಸದರಲ್ಲಿ ಬಾಡಿಗೆ ಹಗುರವಾಗಲೆಂದು ಒಂದೇ ಮನೆ ಹಿಡಿದವರು ಆಮೇಲೆ ಬೇರೆಯಾಗಲೇ ಇಲ್ಲ. ಇಷ್ಟು ವರ್ಷ ಒಟ್ಟಿಗಿದ್ದರೂ ನರ್ಸಮ್ಮ ಗೆಳತಿಯನ್ನು ಕರೆಯುತ್ತಿದ್ದುದು 'ಟೀಚರ್' ಎಂದೇ.

"ನಮಗೆ ವೃದ್ಧಾಶ್ರಮ ಬೇಡ ಡಾಕ್ಟ್ರಮ್ಮ," ಎಂದಿದ್ದರು ಹೆಡ್‌ಮೇಡಂ, ಮಂಡಿಗೆ ಬಿಸಿ ಪ್ಯಾಕು ಕಟ್ಟಿಸಿಕೊಂಡು ಕೂತಿದ್ದಾಗ. "ಅಲ್ಲಿ ಸಾಲಾಗಿ ಮಂಚ ಹಾಕಿ ಮಲಗಿಸ್ತಾರೆ. ಈಗ ಬೆಂಗಳೂರು ಕಡೆ ಹೊಸ ಥರದ್ದು ಬಂದಿದೆಯಂತಲ್ಲ, ಮನೆ ನಮ್ಮದು, ಬೀಗ ನಮ್ಮದು, ಊಟ ಮಾತ್ರ ಎಲ್ಲರ ಜೊತೆ. ಅಂಥದ್ದು ನೋಡ್ಬೇಕು. ನೀವು ಬಂದು ಬಚ್ಚಲು, ಮೆಟ್ಟಿಲು ನೋಡಿ. ಮನುಷ್ಯರನ್ನ ನಾನು ನೋಡ್ಕೋತೀನಿ."

"ಸಾರು ನಾನು ನೋಡ್ತೀನಿ," ಎಂದರು ನರ್ಸಮ್ಮ. "ಸಾರು ಚೆನ್ನಾಗಿಲ್ಲಾಂದ್ರೆ ನಾನ್ ಬರಲ್ಲಪ್ಪ. ಟೀಚರ್ ಒಬ್ಳೇ ಹೋಗಿ ಇರ್ಲಿ."

ಹೀಗೆ ಕ್ಲಿನಿಕ್ಕಿಗೆ ರಜೆಯಿರುವ ಭಾನುವಾರಗಳಲ್ಲಿ ನಾವು ಮೂವರೂ ಹೊರಡತೊಡಗಿದೆವು.

ಮೊದಲು ನೋಡಿದ್ದು ಮಾಲೂರಿನಿಂದ ಆಚೆ, ನೀಲಗಿರಿ ತೋಪೊಂದರ ಮಧ್ಯೆ ಕಟ್ಟಿದ್ದ ಕಾಟೇಜುಗಳನ್ನು. ಕಣ್ಣಿಗೆ ತಂಪಾದ ಜಾಗ. ಹೆಂಚಿನ ಮಾಡು, ಮುಂದೆ ಹೂವಿನ ಪಾತಿ, ಪ್ರತಿ ಮನೆಗೂ ಒಂದು ಉಯ್ಯಾಲೆ. ಬಚ್ಚಲಿಗೆ ಹೋಗಿ ನೀರು ಸುರಿದೆ. ನೆಲಕ್ಕೆ ಹೊಳೆಯುವ ಟೈಲ್ಸು, ಹೆಬ್ಬೆರಳೂರಿದರೂ ಕಾಲು ನಿಲ್ಲಲಿಲ್ಲ. ಹೊಸ್ತಿಲು ಮಂಡಿ ಎತ್ತಿ ದಾಟುವಷ್ಟು ಎತ್ತರ. ಕರೆಂಟು ಹೋದರೆ ನೀರು ಬರುವುದಿಲ್ಲ. ಹತ್ತಿರದಲ್ಲಿ ಡಾಕ್ಟರು ಯಾರಿದ್ದಾರೆ ಎಂದರೆ, ತೋರಿಸುತ್ತಿದ್ದವನು ಮಾಲೂರಿನ ದಿಕ್ಕಿಗೆ ಕೈ ಮಾಡಿದ. ಸುಮಾರು ಕಾಟೇಜುಗಳಿಗೆ ಬೀಗ ಬಿದ್ದಿತ್ತು. ಕೊಂಡವರು ವಾರದ ಕೊನೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಹೋಗುತ್ತಾರಂತೆ.

"ಇದು ಮುದುಕರಿಗೆ ಕಟ್ಟಿದ್ದಲ್ಲ," ಎಂದರು ಹೆಡ್‌ಮೇಡಂ. "ಮುದುಕರ ಹೆಸರಲ್ಲಿ ಕಟ್ಟಿದ್ದು."

ಎರಡನೆಯದು ಬೆಂಗಳೂರಿನ ಒಳಗೆ, ಬಹುಮಹಡಿ ಕಟ್ಟಡ. ಅದು ನನ್ನ ಪರೀಕ್ಷೆಗಳಲ್ಲೆಲ್ಲ ಪಾಸಾಯಿತು. ಲಿಫ್ಟು ಅಗಲವಾಗಿತ್ತು, ಕಾರಿಡಾರಿನುದ್ದಕ್ಕೂ ಹಿಡಿಕೆ ಇತ್ತು, ಊಟದ ಕುರ್ಚಿಗಳಿಗೆ ಕೈ ಇದ್ದವು. ಸಾರೂ ನರ್ಸಮ್ಮನಿಗೆ ಒಪ್ಪಿಗೆಯಾಯಿತು. ಆಫೀಸಿನಲ್ಲಿ ಕೂತಾಗ ಅಲ್ಲಿನ ಅಧಿಕಾರಿ ಕೇಳಿದ, "ನೀವಿಬ್ರೂ ಒಬ್ಬರಿಗೊಬ್ಬರು ಏನಾಗ್ಬೇಕು?"

"ಸ್ನೇಹಿತರು," ಎಂದರು ಹೆಡ್‌ಮೇಡಂ.

"ಹಾಗಾದ್ರೆ ಕಷ್ಟ ಮೇಡಂ. ಡಬಲ್ ರೂಮು ಗಂಡ ಹೆಂಡ್ತಿಗೆ, ಇಲ್ಲಾ ಅಕ್ಕತಂಗಿಯರಿಗೆ. ಬೇಕಾದ್ರೆ ಎರಡು ಸಿಂಗಲ್ ತಗೊಳ್ಳಿ. ಎರಡನೇ ಮಹಡೀಲಿ ಒಂದಿದೆ, ನಾಲ್ಕರಲ್ಲಿ ಒಂದಿದೆ."

"ಅಕ್ಕತಂಗಿ ಅಂತಾನೇ ಬರ್ಕೊಳಪ್ಪ, ಯಾರು ಕೇಳ್ತಾರೆ," ಎಂದರು ನರ್ಸಮ್ಮ.

ಹೆಡ್‌ಮೇಡಂ ಕೋಲೂರಿ ಎದ್ದೇ ಬಿಟ್ಟರು. "ಸುಳ್ಳು ಹೇಳಿ ಸೇರ್ಕೊಳ್ಳೋ ಗತಿ ನಮಗೆ ಬಂದಿಲ್ಲ ಕಣೇ. ನಡಿ."

ಇನ್ನೂ ಕೆಲವನ್ನು ನೋಡಿದೆವು. ಒಂದು ಕಡೆ ಊಟದ ಹಾಲ್ ಮಹಡಿ ಮೇಲೆ. ಇನ್ನೊಂದು ಕಡೆ ಸಂಜೆಯಾದ ಮೇಲೆ ಗೇಟಿನಿಂದ ಹೊರಗೆ ಬಿಡುವುದಿಲ್ಲ. ಮತ್ತೊಂದರಲ್ಲಿ ನಾವು ಮಾತಾಡಿಸಿದವರೆಲ್ಲ ಮೊದಲು ಮ್ಯಾನೇಜರನ ಮುಖ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದರು.

ಕೊನೆಗೆ ಒಪ್ಪಿಗೆಯಾದದ್ದು ಕೋಲಾರದ ರಸ್ತೆ ಬೆಂಗಳೂರಿಗೆ ಸೇರುವ ಕಡೆ ಇದ್ದ, ವಯಸ್ಸಾದವರೇ ಇರುವ ಒಂದು ಸಮುದಾಯ. ನೆಲಮಟ್ಟದ ಮನೆಗಳು. ಒಂದೊಂದರಲ್ಲೂ ಒಂದು ಕೋಣೆ, ಒಂದು ಪುಟ್ಟ ಅಡುಗೆಕಟ್ಟೆ, ಒಂದು ಜಗಲಿ. ಬಚ್ಚಲ ನೆಲ ಒರಟು, ಬಾಗಿಲು ಹೊರಕ್ಕೆ. ತೋಟದ ಆಚೆ ಊಟದ ಹಾಲ್. ಅಲ್ಲಿದ್ದವರೆಲ್ಲ ಓದಿದವರು, ದೊಡ್ಡ ಕೆಲಸಗಳಲ್ಲಿದ್ದು ಬಂದವರು. ತಮ್ಮದೇ ಒಂದು ಕಮಿಟಿ ಮಾಡಿಕೊಂಡಿದ್ದರು. ಹೆಡ್‌ಮೇಡಂ ಅವರೊಡನೆ ಕೂತು ಹರಟಿದರು, ಇಂಗ್ಲಿಷ್ ಪೇಪರಿನ ಪದಬಂಧದಲ್ಲಿ ಯಾರಿಗೋ ಒಂದು ಪದ ಹೇಳಿಕೊಟ್ಟರು, ನಕ್ಕರು. "ಇವರು ಮನುಷ್ಯರು," ಎಂದರು ನನಗೆ.

ಮ್ಯಾನೇಜರು ಹಿಂದೆ ಹೋಟೆಲಿನಲ್ಲಿದ್ದವನು, ಮರ್ಯಾದಸ್ಥ. "ಯಾರ ಜೊತೆ ಯಾರಿದ್ರೆ ನಮಗೇನಮ್ಮಾ? ಇಬ್ಬರೂ ಒಂದೇ ಮನೇಲಿ ಇರಿ. ಕಂಡೀಷನ್ ಒಂದೇ. ಮನೆಯಿಂದ ಊಟದ ಹಾಲ್‌ವರೆಗೂ ಅವರವರೇ ನಡ್ಕೊಂಡು ಬರ್ಬೇಕು. ಕೋಲು ಪರವಾಗಿಲ್ಲ. ಮನುಷ್ಯರು ಹಿಡ್ಕೊಂಡು ಬರೋ ಹಾಗಿಲ್ಲ. ಇದು ಸ್ವಾವಲಂಬಿಗಳ ಜಾಗ, ನರ್ಸಿಂಗ್ ಹೋಮ್ ಅಲ್ಲ."

ಊಟದ ಹಾಲಿಗೆ ಹತ್ತಲು ಮೆಟ್ಟಿಲುಗಳಿದ್ದವು. ಅಂದು ಹೆಡ್‌ಮೇಡಂ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನರ್ಸಮ್ಮನ ಭುಜ ಹಿಡಿದು ಅವನ್ನು ಹತ್ತಿದ್ದರು. ಮ್ಯಾನೇಜರು ನೋಡಿದ್ದ. ಇಬ್ಬರ ನಡಿಗೆಯ ಬಗ್ಗೆಯೂ ನನ್ನಿಂದ ಒಂದು ಪತ್ರ ಬೇಕೆಂದ, ಆಮೇಲೆ ಒಂದು ವಾರ ಬಂದಿದ್ದು ನೋಡಲಿ ಎಂದ.

ನರ್ಸಮ್ಮನ ಕಾಲಿನ ಬಗ್ಗೆ ಯೋಚಿಸುವುದೇನೂ ಇರಲಿಲ್ಲ. ಆಯಸ್ಸೆಲ್ಲ ಹೊಲದ ಬದುವಿನ ಮೇಲೆ ನಡೆದ ಕಾಲು. ನಾನು ದುಡಿಯಬೇಕಾಗಿದ್ದುದು ಹೆಡ್‌ಮೇಡಂ ಮಂಡಿಯ ಮೇಲೆ. ಆ ಮಳೆಗಾಲವೆಲ್ಲ ಅದೇ ಕೆಲಸ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಸವೆದ ಮಂಡಿಯ ಮೇಲೂ ಮೆಟ್ಟಿಲು ಹತ್ತಬಹುದು. ಮಂಚದ ಅಂಚಿನಲ್ಲಿ ಕೂರಿಸಿ, ಕಣಕಾಲಿಗೆ ಮರಳಿನ ಚೀಲ ಕಟ್ಟಿ, ಕಾಲನ್ನು ನೇರ ಮಾಡಿಸಿ, ಉಸಿರು ಬಿಡುವಷ್ಟು ಹೊತ್ತು ಹಿಡಿಸಿ, ನಿಧಾನವಾಗಿ ಇಳಿಸುವುದು. ಆಮೇಲೆ ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಏಳುವುದು. ಕೊನೆಗೆ ಮರದ ಮೆಟ್ಟಿಲ ಮೇಲೆ ಹತ್ತಿ ಇಳಿಯುವುದು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಒಮ್ಮೆ ಮಂಡಿ ಊದಿಕೊಂಡು ಎಲ್ಲವನ್ನೂ ನಿಲ್ಲಿಸಬೇಕಾಯಿತು. ಮತ್ತೆ ಬರೀ ಚೀಲವಿಲ್ಲದ ಕಾಲಿನಿಂದ ಶುರು ಮಾಡಿದೆವು.

ಎಣಿಸುವ ಕೆಲಸ ನರ್ಸಮ್ಮನದು. ಸ್ಟೂಲಿನ ಮೇಲೆ ಕೂತು ತೆಲುಗಿನಲ್ಲಿ ಎಣಿಸುತ್ತಿದ್ದರು. "ಒಕಟಿ... ರೆಂಡು... ಮೂಡು..." ಹತ್ತು ಬಂದರೆ ವಿರಾಮ.

ಒಂದು ದಿನ ನಾನು ಪಕ್ಕದಲ್ಲಿ ಬೇರೊಬ್ಬರ ಭುಜಕ್ಕೆ ವ್ಯಾಯಾಮ ಮಾಡಿಸುತ್ತಿದ್ದೆ. ನರ್ಸಮ್ಮನ ಎಣಿಕೆ ಕಿವಿಗೆ ಬೀಳುತ್ತಿತ್ತು. ಏಳರವರೆಗೆ ಬಂದದ್ದು ಮತ್ತೆ ಮೂರಕ್ಕೆ ಹೋಯಿತು. ಏಳಕ್ಕೆ ಬಂತು. ಮತ್ತೆ ಮೂರಕ್ಕೆ ಹೋಯಿತು. ತಿರುಗಿ ನೋಡಿದೆ. ಹೆಡ್‌ಮೇಡಂ ಹಲ್ಲು ಕಚ್ಚಿಕೊಂಡು ಕಾಲೆತ್ತುತ್ತಿದ್ದರು. ಹಣೆಯ ಮೇಲೆ ಬೆವರು, ತೊಡೆ ನಡುಗುತ್ತಿತ್ತು. ಕ್ಲಾಸಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಬಿಡದ ಹೆಂಗಸು, 'ಎಣಿಕೆ ತಪ್ಪಿತು ಕಣೇ' ಎಂದು ಒಂದು ಮಾತು ಹೇಳದೆ, ಗೆಳತಿ ಎಣಿಸಿದಷ್ಟೂ ಸಲ ಆ ಸವೆದ ಕಾಲನ್ನು ಎತ್ತುತ್ತಿದ್ದರು. ಹೇಗೋ ಎಂಟು, ಒಂಬತ್ತು, ಹತ್ತು ಬಂತು. "ಅಯಿಪೋಯಿಂದಿ, ಮುಗೀತು!" ಎಂದು ನರ್ಸಮ್ಮ ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ ಕಾಲಿಳಿಸಿ ನನ್ನ ಕಡೆ ನೋಡಿದರು. ನಾನು ನೋಡಿಬಿಟ್ಟೆ ಎಂಬುದು ಅವರಿಗೆ ಗೊತ್ತಾಯಿತು.

ನರ್ಸಮ್ಮನನ್ನು ಹೊರಗೆ ನನ್ನ ಆಯಾ ಜೊತೆ ಕಾಫಿಗೆ ಕೂರಿಸಿ ಬಂದೆ.

"ಎಷ್ಟು ದಿವಸದಿಂದ ಮೇಡಂ?"

"ಎರಡು ವರ್ಷ ಆಗಿರ್ಬೋದು," ಎಂದರು. "ಮೊದಲು ಹೆಸರು ಮರೀತಿದ್ಲು. ಆಮೇಲೆ ಒಲೆ ಮೇಲೆ ಹಾಲಿಟ್ಟು ಮರೆತ್ಲು. ಹೋದ ವರ್ಷ ಪೇಟೆಗೆ ಹೋದವಳು ಮನೆ ದಾರಿ ಕೇಳ್ಕೊಂಡು ನಿಂತಿದ್ಲಂತೆ. ಕೇಳಿದ್ದು ಯಾರನ್ನ ಗೊತ್ತಾ? ಅವಳೇ ಹೆರಿಗೆ ಮಾಡಿಸಿದ ಹುಡುಗನ್ನ. ನಗ್ತಾ ನಗ್ತಾ ಕರ್ಕೊಂಡು ಬಂದು ಬಿಟ್ಟ."

"ಡಾಕ್ಟರಿಗೆ ತೋರ್ಸಿದ್ರಾ?"

"ಬೆಂಗಳೂರಲ್ಲಿ ನರದ ಡಾಕ್ಟ್ರು ನೋಡಿದಾರೆ. ಮಾತ್ರೆ ಕೊಟ್ಟಿದಾರೆ. ಇದು ಹಿಂದಕ್ಕೆ ಬರೋ ಕಾಯಿಲೆ ಅಲ್ಲಮ್ಮ ಅಂದ್ರು." ಕಾಲಿನಿಂದ ಮರಳಿನ ಚೀಲ ಬಿಚ್ಚುತ್ತ ಮುಂದುವರಿಸಿದರು. "ನನ್ನ ಮಂಡಿಗೆ ಅಂತ ನಾನು ಊರು ಬಿಡ್ತಾ ಇದೀನಿ ಅಂದ್ಕೊಂಡ್ರಾ? ಅವಳಿಗೆ ಗೊತ್ತಿರೋ ಗೋಡೆ, ಗೊತ್ತಿರೋ ಮುಖ ಆಗ್ಬೇಕು, ಇನ್ನೂ ಕಲಿಯೋಕೆ ಆಗೋವಾಗ್ಲೇ. ನಾನು ಬಚ್ಚಲಲ್ಲಿದ್ರೆ ಅವಳು ಗೇಟು ದಾಟೋದನ್ನ ನೋಡೋಕೆ ಇನ್ನೊಂದು ಕಣ್ಣಿರ್ಬೇಕು. ಅಷ್ಟೇ ನನಗೆ ಬೇಕಾಗಿರೋದು. ನೀವು ಅಲ್ಲಿನವರಿಗೆ ಹೇಳ್ಬೇಡಿ."

ಅಕ್ಕತಂಗಿ ಎಂದು ಬರೆಸಲು ಒಪ್ಪದೆ ಎದ್ದುಬಂದವರು ಇವರೇ. ಈಗ ವಿಷಯ ಮುಚ್ಚಿಡಲು ಕೇಳುತ್ತಿದ್ದರು. ಕೇಳುವಾಗ ತಲೆ ತಗ್ಗಿಸಿರಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದರು.

ನಾನು ಒಂದು ವಾರ ಯೋಚಿಸಿದೆ. ನನ್ನನ್ನು ಕೇಳಿದ್ದುದು ಕಾಲಿನ ಬಗ್ಗೆ. ಇಬ್ಬರ ನಡಿಗೆಯೂ ಚೆನ್ನಾಗಿದೆ ಎಂದು ಬರೆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಲೆಯ ಬಗ್ಗೆ ಬರೆದರೆ ಆ ಬಾಗಿಲು ಮುಚ್ಚುತ್ತಿತ್ತು. ನಾವು ನೋಡಿದ ಯಾವ ಜಾಗವೂ ಅಂಥವರನ್ನು ಸೇರಿಸುತ್ತಿರಲಿಲ್ಲ, ಅಂಥವರಿಗಾಗಿಯೇ ಇರುವ ಜಾಗ ಆಗ ನಮಗೆ ಗೊತ್ತಿದ್ದ ಕಡೆ ಎಲ್ಲೂ ಇರಲಿಲ್ಲ. ನಡಿಗೆಯ ಬಗ್ಗೆ ಮಾತ್ರ ಬರೆದೆ. ಮ್ಯಾನೇಜರು ಫೋನಿನಲ್ಲಿ "ಇಬ್ಬರೂ ಫಿಟ್ ಅಲ್ವಾ ಮೇಡಂ?" ಎಂದಾಗ "ನಡಿಗೆ ಚೆನ್ನಾಗಿದೆ" ಎಂದೆ. ಇಂದು ಕೇಳಿದರೂ ಹಾಗೆಯೇ ಹೇಳುತ್ತೇನೆ.

ದಸರಾ ಮುಗಿದ ಮೇಲೆ ಅವರು ಒಂದು ವಾರ ಅಲ್ಲಿ ಇದ್ದು ನೋಡಿ, ಶ್ರೀನಿವಾಸಪುರದ ಬಾಡಿಗೆ ಮನೆ ಬಿಟ್ಟುಕೊಟ್ಟು ಅಲ್ಲಿಗೇ ಹೋದರು. ಹೆಡ್‌ಮೇಡಂ ಯಾರನ್ನೂ ಹಿಡಿಯದೆ ಊಟದ ಹಾಲಿನ ಮೆಟ್ಟಿಲು ಹತ್ತಿದರು. ಹತ್ತಿರದ ಸಂಬಂಧಿಕರು ಯಾರೆಂದು ಆಫೀಸಿನಲ್ಲಿ ಕೇಳಿದಾಗ, ನರ್ಸಮ್ಮನ ಕಡೆಯಿಂದ ಮುಳಬಾಗಿಲಿನಲ್ಲಿದ್ದ ಅವರ ಅಣ್ಣನ ಮಗನ ಹೆಸರು ಕೊಟ್ಟರು. ಹೆಡ್‌ಮೇಡಂಗೆ ಕೊಡಲು ಹೆಸರಿರಲಿಲ್ಲ. ನನ್ನದು ಕೊಟ್ಟರು.

ಮೊದಲ ತಿಂಗಳುಗಳು ಚೆನ್ನಾಗಿದ್ದವು. ಅಲ್ಲಿನವರಿಗೆ ವ್ಯಾಯಾಮ ಹೇಳಿಕೊಡಲು ಮ್ಯಾನೇಜರು ನನ್ನನ್ನೂ ತಿಂಗಳಿಗೊಮ್ಮೆ ಕರೆಸುತ್ತಿದ್ದ, ಹಾಗಾಗಿ ಕಣ್ಣಾರೆ ಕಂಡೆ. ನರ್ಸಮ್ಮ ಎಲ್ಲರಿಗೂ ಬೇಕಾದವರಾಗಿದ್ದರು. ಅವರ ತಲೆಯಲ್ಲಿ ಬೇರೆಲ್ಲ ಕಲಸಿಹೋಗುತ್ತಿದ್ದರೂ ಕೈಗೆ ಕಲಿತದ್ದು ಮರೆತಿರಲಿಲ್ಲ. ಕಮಿಟಿಯ ಅಧ್ಯಕ್ಷರು ಒಬ್ಬ ನಿವೃತ್ತ ಇಂಜಿನಿಯರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ವಾಸಿಯಾಗದೆ ಉಳಿದಿತ್ತು. ನರ್ಸಮ್ಮ ದಿನವೂ ಅದನ್ನು ತೊಳೆದು, ಒಣಗಿಸಿ, ಬಟ್ಟೆ ಕಟ್ಟುತ್ತಿದ್ದರು. "ಏಂ ಪರ್ವಾಲೇದಮ್ಮಾ, ಏನೂ ಆಗಲ್ಲ, ವಾಸಿ ಆಗೋಗುತ್ತೆ," ಎನ್ನುತ್ತಿದ್ದರು. ವಾಸಿಯೂ ಆಯಿತು.

ಆಮೇಲೆ ನರ್ಸಮ್ಮ ಡ್ಯೂಟಿಗೆ ಹೋಗತೊಡಗಿದರು. ಬೆಳಕು ಹರಿಯುವ ಹೊತ್ತಿಗೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಮನೆಯ ಬಾಗಿಲು ತಟ್ಟಿ "ಕೂಸು ಎತ್ಕೊಂಡು ಬನ್ರಮ್ಮಾ, ಸೂಜಿ ಹಾಕ್ಬೇಕು" ಎಂದು ಕೂಗುವುದು. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಮಲಗಿದವರ ಹೊಟ್ಟೆಯ ಮೇಲೆ ಕೈಯಿಟ್ಟು "ನೋವು ಯಾವಾಗ ಶುರುವಾಯ್ತು?" ಎನ್ನುವುದು. ಮೊದಮೊದಲು ನಕ್ಕರು. ಆಮೇಲೆ ಬಾಗಿಲಿಗೆ ಚಿಲಕ ಹಾಕಿಕೊಂಡರು. ಊಟದ ಹಾಲಿನಲ್ಲಿ ಅವರ ಮೇಜಿನಲ್ಲಿ ಕೂರುವವರು ಕಡಿಮೆಯಾದರು. ಒಂದು ದಿನ ಅವರೇ ಹುಣ್ಣು ವಾಸಿಮಾಡಿದ ಹೆಂಗಸಿನ ಪಕ್ಕ ಕೂರಲು ಹೋದಾಗ ಆಕೆ ಖಾಲಿ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟರು. ನಾನು ಅಲ್ಲೇ ಇದ್ದೆ.

ಹೆಡ್‌ಮೇಡಂ ಬಾಗಿಲಿಗೆ ಗೆಜ್ಜೆ ಕಟ್ಟಿದರು, ತೆರೆದರೆ ಎಚ್ಚರವಾಗಲೆಂದು. ಇಡೀ ದಿನ ಜೊತೆಗಿದ್ದರು. ಆದರೂ ಒಮ್ಮೊಮ್ಮೆ ಕಣ್ಣು ತಪ್ಪುತ್ತಿತ್ತು. ಕಮಿಟಿ ಸಭೆ ಕರೆಯಿತು. ನನ್ನನ್ನೂ ಬರಹೇಳಿದರು.

ಆ ಸಭೆಯಲ್ಲಿ ನರ್ಸಮ್ಮನನ್ನು ಓಡಿಸಲು ಹಟ ಹಿಡಿದವನು ಮ್ಯಾನೇಜರಲ್ಲ. ಅವನು ಇನ್ನೊಂದಿಷ್ಟು ದಿನ ನೋಡೋಣ, ಹಗಲಿಗೊಬ್ಬ ಆಯಾ ಇಡೋಣ ಎಂದ. ಒಪ್ಪದವರು ಅಲ್ಲಿನ ನಿವಾಸಿಗಳು. ಹೆಡ್‌ಮೇಡಂಗಿಂತ ಹಿರಿಯರು ಕೆಲವರು, ಕಿರಿಯರು ಕೆಲವರು.

"ಇದರಲ್ಲಿ ದ್ವೇಷ ಏನಿಲ್ಲ ಮೇಡಂ," ಎಂದರು ಅಧ್ಯಕ್ಷರು. "ಆಕೆ ಒಳ್ಳೆ ಹೆಂಗಸು. ಆದ್ರೆ ನಾವು ಇಲ್ಲಿಗೆ ಬಂದಿದ್ದು ನೆಮ್ಮದಿಗೆ. ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ನಾಳೆ ನಮಗೇನಾಗುತ್ತೆ ಅನ್ನೋದೇ ಎದುರಿಗೆ ನಿಂತಿದ್ರೆ ಹೇಗೆ?"

"ಬಾಗಿಲು ಹಾಕ್ಕೊಂಡ್ರೆ ನಾಳೆ ಬರಲ್ವಾ ಸಾರ್?" ಎಂದರು ಹೆಡ್‌ಮೇಡಂ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ಆಕೆ ಒಬ್ಬರೇ, ಸ್ವತಂತ್ರವಾಗಿ ಇರಬಲ್ಲರಾ?"

"ಒಬ್ಬರೇ ಇರಲಾರರು," ಎಂದೆ. "ಆದ್ರೆ ಅವರು ಒಬ್ಬರೇ ಇಲ್ಲವಲ್ಲ. ಮೇಡಂ ಕೋಲು ಹಿಡ್ಕೊಂಡು ನಡೆದ್ರೆ ನೀವು ಅವರನ್ನ ಸ್ವಾವಲಂಬಿ ಅಂತೀರಿ. ನರ್ಸಮ್ಮನಿಗೆ ಮೇಡಂ ಕೋಲು ಅಂದ್ಕೊಳ್ಳಿ. ಮರದ ಕೋಲಾದ್ರೆ ಆಗುತ್ತೆ, ಮನುಷ್ಯರಾದ್ರೆ ಯಾಕಾಗಲ್ಲ?"

"ರೂಲ್ಸು ಒಬ್ಬೊಬ್ಬರನ್ನ ಬೇರೆ ಬೇರೆಯಾಗಿ ನೋಡುತ್ತೆ ಮೇಡಂ, ಜೋಡಿಯಾಗಿ ಅಲ್ಲ," ಎಂದರು ಅಧ್ಯಕ್ಷರು.

ಕೈ ಎತ್ತಲು ಹೇಳಿದರು. ಎತ್ತಿದವರೇ ಹೆಚ್ಚು. ಅಧ್ಯಕ್ಷರ ಹೆಂಡತಿ ಸೆರಗಿನೊಳಗಿಂದ ಕೈಯನ್ನು ಅರ್ಧ ಎತ್ತಿ, ಎಣಿಸಿಕೊಂಡರೆಂದು ಗೊತ್ತಾದ ತಕ್ಷಣ ಇಳಿಸಿದರು. ಪದಬಂಧದ ಗೆಳೆಯರೂ ಎತ್ತಿದರು. ಹೊರಗೆ ಜಗಲಿಯಲ್ಲಿ ಕೂತಿದ್ದ ನರ್ಸಮ್ಮ, ಎಲ್ಲರೂ ಕೈ ಎತ್ತಿದ್ದನ್ನು ಕಿಟಕಿಯಿಂದ ನೋಡಿ, ಏನೋ ಒಳ್ಳೆಯದು ನಡೆಯುತ್ತಿದೆ ಎಂದುಕೊಂಡು ತಾವೂ ಕೈ ಎತ್ತಿ ನಕ್ಕರು.

"ನೀವು ಇರ್ಬೋದು ಮೇಡಂ," ಎಂದು ಅಧ್ಯಕ್ಷರು ಸಭೆ ಮುಗಿದ ಮೇಲೆ ಹೆಡ್‌ಮೇಡಂ ಬಳಿ ಬಂದು ಹೇಳಿದರು. "ನಿಮ್ಮ ಮೇಲೆ ನಮಗೆಲ್ಲ ಗೌರವ ಇದೆ."

ಹೆಡ್‌ಮೇಡಂ ಅವರನ್ನು ದಾಟಿ ಹೊರಗೆ ಹೋದರು.

ಮುಳಬಾಗಿಲಿಗೆ ಫೋನು ಹೋಯಿತು. ಅಣ್ಣನ ಮಗ ಕೆಟ್ಟವನಲ್ಲ. ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ. ಮಾರನೆಯ ದಿನವೇ ಕಾರು ಮಾಡಿಕೊಂಡು ಬಂದ. ನಾನೂ ಹೋಗಿದ್ದೆ. ಇಬ್ಬರೂ ಕೋಲಾರದಲ್ಲಿ ಮನೆ ಹಿಡಿಯಲಿ, ನಾನು ಆಗಾಗ ನೋಡಿಕೊಳ್ಳುತ್ತೇನೆ ಎಂದೆ. ಅವನು ಕೇಳಿಸಿಕೊಂಡು, "ಇಬ್ರೂ ವಯಸ್ಸಾದೋರು ಮೇಡಂ, ಏನಾದ್ರೂ ಆದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನಮ್ಮತ್ತೇನ ನಾನು ಬೀದಿಗೆ ಬಿಡಕಾಗಲ್ಲ," ಎಂದ. ಹೆಡ್‌ಮೇಡಂ ತಾವೂ ಜೊತೆಗೆ ಬರಬಹುದೇ ಎಂದು ಕೇಳಲಿಲ್ಲ. ಅವನ ಮನೆಯಲ್ಲಿ ಎರಡು ಕೋಣೆ, ಹೆಂಡತಿ, ಮಕ್ಕಳು, ತಾಯಿ. ಕೇಳಿದ್ದರೆ ಅವನಿಗೆ ಇಲ್ಲ ಎನ್ನಲು ಕಷ್ಟವಾಗುತ್ತಿತ್ತು. ಅದಕ್ಕೇ ಕೇಳಲಿಲ್ಲವೋ ಏನೋ. ಅವನ ಒಪ್ಪಿಗೆ ಬೇಕಿತ್ತು, ಮ್ಯಾನೇಜರಿನ ಒಪ್ಪಿಗೆ ಬೇಕಿತ್ತು, ಕಮಿಟಿಯ ಒಪ್ಪಿಗೆ ಬೇಕಿತ್ತು. ಹೆಡ್‌ಮೇಡಂ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ನರ್ಸಮ್ಮ ಸಂತೋಷವಾಗಿಯೇ ಕಾರು ಹತ್ತಿದರು. ಯಾವುದೋ ಹಳ್ಳಿಯಿಂದ ಹೆರಿಗೆಗೆ ಕರೆ ಬಂದಿದೆ ಎಂದುಕೊಂಡಿರಬೇಕು. ಕಿಟಕಿಯಿಂದ ಕೈ ಚಾಚಿ, "ನೀನೂ ಬಾ ಟೀಚರ್, ಒಬ್ಳೇ ಏನ್ ಮಾಡ್ತೀಯ?" ಎಂದರು.

"ನಾಳೆ ಬರ್ತೀನಿ, ನೀನು ನಡಿ," ಎಂದರು ಹೆಡ್‌ಮೇಡಂ.

ಕಾರು ಹೋದ ಮೇಲೆ ಅವರು ಒಳಗೆ ಹೋಗಿ ಬಾಗಿಲಿನ ಗೆಜ್ಜೆ ಬಿಚ್ಚಿದರು. ನಾನು ಸಹಾಯಕ್ಕೆ ಹೋದೆ. "ಬೇಡ, ನೀವು ಬಸ್ಸಿಗೆ ಹೊರಡಿ," ಎಂದರು. ಮಾರನೆಯ ದಿನದಿಂದ ಊಟದ ಹಾಲಿಗೆ ಹೋಗುವುದನ್ನು ನಿಲ್ಲಿಸಿದರು. ಅಡುಗೆಯವನಿಗೆ ಹೇಳಿ ಊಟವನ್ನು ಮನೆಗೇ ತರಿಸಿಕೊಂಡರು. ನಿಯಮದ ಪ್ರಕಾರ ಅದನ್ನೂ ಮಾಡುವ ಹಾಗಿಲ್ಲ. ಅವರನ್ನು ಕೇಳುವ ಧೈರ್ಯ ಕಮಿಟಿಯಲ್ಲಿ ಯಾರಿಗೂ ಬರಲಿಲ್ಲ.

ಮಾತು ಕೊಟ್ಟ ಹಾಗೆ ಅವರು ಮುಳಬಾಗಿಲಿಗೆ ಹೋದರು. ಪ್ರತಿ ವಾರ ಹೋಗುತ್ತಿದ್ದರು. ಕೋಲಾರದಲ್ಲಿ ಬಸ್ಸು ಬದಲಿಸುವಾಗ ಕೆಲವೊಮ್ಮೆ ಕ್ಲಿನಿಕ್ಕಿಗೆ ಬಂದು ಮಂಡಿಗೆ ಶಾಖ ಕೊಡಿಸಿಕೊಳ್ಳುತ್ತಿದ್ದರು. ನರ್ಸಮ್ಮ ತಮ್ಮನ್ನು ನೋಡಿದ ಕೂಡಲೇ ಎದ್ದು ಬರುತ್ತಾಳೆ, ತಾವು ಹೋಗಿರುವಷ್ಟು ಹೊತ್ತು ಸರಿಯಾಗಿಯೇ ಇರುತ್ತಾಳೆ, ಹೆಸರುಗಳೆಲ್ಲ ನೆನಪಾಗುತ್ತವೆ ಎಂದು ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖ ಬೆಳಗುತ್ತಿತ್ತು.

ಒಂದು ಸಲ ಅವರು ಮುಳಬಾಗಿಲಿನಿಂದ ಹಿಂತಿರುಗುವಾಗ ಬಂದರು. ಶಾಖ ಬೇಡವೆಂದರು.

"ಆ ಹುಡುಗ ಬಸ್ ಸ್ಟ್ಯಾಂಡ್‌ವರೆಗೂ ಬಿಡೋಕೆ ಬಂದಿದ್ದ," ಎಂದರು. "ಕೈ ಮುಗಿದು ಹೇಳ್ದ. ಮೇಡಂ, ನೀವು ಬಂದು ಹೋದ ಮೇಲೆ ಅತ್ತೆ ಎರಡು ದಿನ ಅನ್ನ ಮುಟ್ಟಲ್ಲ, ಟೀಚರ್ ಬರ್ತಾಳೆ ಅಂತ ಬಾಗ್ಲಲ್ಲೇ ನಿಂತಿರ್ತಾರೆ, ಮಲಗೋದೂ ಇಲ್ಲ. ನೀವು ಬರದೆ ಇದ್ದ ವಾರ ಸಮಾಧಾನವಾಗಿರ್ತಾರೆ. ಹಾಗಂದ."

"ನೀವೇನಂದ್ರಿ?"

"ಏನನ್ನೋದು? ಅವಳು ನನ್ನ ಮರೆತಿದ್ರೆ ಹೋಗ್ಬೋದಿತ್ತು."

ಆಮೇಲೆ ಅವರು ಹೋಗಲಿಲ್ಲ. ಅವರ ಬದಲು ನಾನು ಹೋಗತೊಡಗಿದೆ, ತಿಂಗಳಿಗೊಮ್ಮೆ, ನರ್ಸಮ್ಮನಿಗೆ ವ್ಯಾಯಾಮ ಮಾಡಿಸುವ ನೆಪದಲ್ಲಿ. ಮನೆಯವರು ಬೇಡವೆನ್ನಲಿಲ್ಲ. ನರ್ಸಮ್ಮ ನನ್ನನ್ನು ಗುರುತಿಸುತ್ತಿರಲಿಲ್ಲ, ಹಾಗಾಗಿ ನಾನು ಹೋಗುವುದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅವರನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದೆ. ನನಗಿಂತ ಜೋರಾಗಿ ನಡೆಯುತ್ತಿದ್ದರು. "ಪದ ಪದ, ನಡಿ, ಹೊತ್ತಾಯ್ತು," ಎಂದು ನನ್ನನ್ನೇ ಅವಸರಿಸುತ್ತಿದ್ದರು. ವಾರಕ್ಕೊಮ್ಮೆ ಹೆಡ್‌ಮೇಡಂ ಫೋನ್ ಮಾಡುತ್ತಿದ್ದರು. ಕೇಳುತ್ತಿದ್ದುದು ಒಂದೇ. "ನಡೀತಾಳಾ?" ನಡೀತಾರೆ ಎನ್ನುತ್ತಿದ್ದೆ. "ಸರಿ," ಎಂದು ಇಡುತ್ತಿದ್ದರು.

ಆ ಬೇಸಿಗೆಯಲ್ಲಿ ನರ್ಸಮ್ಮ ಎರಡು ಸಲ ಮನೆಯಿಂದ ಹೊರಬಿದ್ದರು. ಎರಡು ಸಲವೂ ಸಿಕ್ಕಿದ್ದು ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ, ಶ್ರೀನಿವಾಸಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕಂಡಕ್ಟರುಗಳನ್ನು ಕೇಳುತ್ತ. ಮುಂದಿನ ಸಲ ನಾನು ಹೋದಾಗ ಅಂಗಳದ ಗೇಟಿಗೆ ಬೀಗವಿತ್ತು. ಅಣ್ಣನ ಮಗ ಬಂದು ತೆಗೆದ. ನನ್ನನ್ನು ಒಳಗೆ ಕರೆಯದೆ ಅಲ್ಲೇ ನಿಂತು, ಬಹಳ ಸಂಕೋಚಪಡುತ್ತ ಹೇಳಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ಇನ್ನು ಎಕ್ಸರ್‌ಸೈಜ್ ಮಾಡಿಸ್ಬೇಡಿ. ಅವರ ಕಾಲು ಸ್ವಲ್ಪ ಸೋತ್ರೆ ನಮಗೆ ನೋಡ್ಕೊಳ್ಳೋಕೆ ಸುಲಭ. ನನ್ನ ಹೆಂಡ್ತಿ ಎಷ್ಟೂಂತ ಹಿಂದೆ ಓಡ್ತಾಳೆ?"

ಅವನ ಹಿಂದೆ, ಜಗಲಿಯಲ್ಲಿ, ನರ್ಸಮ್ಮ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಬೆನ್ನು ನೆಟ್ಟಗಿತ್ತು. ಹೆಜ್ಜೆ ಸಮವಾಗಿ ಬೀಳುತ್ತಿತ್ತು. ಕಾಲೇಜಿನಲ್ಲಿ ಮಕ್ಕಳಿಗೆ ತೋರಿಸಬಹುದಾದಂಥ ನಡಿಗೆ. ನನ್ನ ವೃತ್ತಿಯಲ್ಲಿ ಅಂಥ ಕೋರಿಕೆಯನ್ನು ನಾನು ಕೇಳಿದ್ದು ಅದೊಂದೇ ಸಲ. ಅವನ ಮೇಲೆ ರೇಗಬೇಕೆನಿಸಿತು. ಆದರೆ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಅವಳ ಕಣ್ಣ ಕೆಳಗಿನ ಕಪ್ಪು ನನಗೆ ಕಾಣುತ್ತಿತ್ತು. ಅವರನ್ನು ಕೈಬಿಟ್ಟವರ ಪೈಕಿ ಈ ಇಬ್ಬರು ಇರಲಿಲ್ಲ. ಕೈಬಿಟ್ಟವರು ಆ ಸಮುದಾಯದ ಮನೆಗಳಲ್ಲಿ ಕೂತು ಪೇಪರು ಓದುತ್ತಿದ್ದರು.

ನರ್ಸಮ್ಮನ ಬಳಿ ಹೋಗಿ ಸ್ವಲ್ಪ ಹೊತ್ತು ಜೊತೆಗೆ ಹೆಜ್ಜೆ ಹಾಕಿ ಬಂದೆ. ಆಮೇಲೆ ಆ ಮನೆಯವರು ನನ್ನನ್ನು ಕರೆಯಲಿಲ್ಲ. ಕರೆಯದ ಮನೆಗೆ ಹೋಗುವ ಹಕ್ಕು ನನಗೂ ಇರಲಿಲ್ಲ.

ಆ ವಾರ ಹೆಡ್‌ಮೇಡಂ ಫೋನ್ ಮಾಡಿದರು.

"ನಡೀತಾಳಾ?"

"ಚೆನ್ನಾಗಿ ನಡೀತಾರೆ ಮೇಡಂ."

ಅಂದು ಅವರು ಫೋನ್ ಇಡಲಿಲ್ಲ. "ಎಲ್ಲೀವರೆಗೆ?" ಎಂದು ಕೇಳಿದರು.

"ಗೇಟಿನವರೆಗೆ," ಎಂದೆ.